ಸಾಂತಾ ಕಿತೇರಿಯಾ ದ್ವೀಪದ ನದಿ

ಲಿಸ್ಬನ್ನಿನ ನಕ್ಷೆಗಾರ ಎಸ್ತೆವಾಂವ್ ಜನ್ಮದಲ್ಲಿ ಹಡಗು ಹತ್ತಿದವನಲ್ಲ. ತೇಜು ನದಿಯ ದೋಣಿಯಲ್ಲಿ ಕುಳಿತರೂ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಆದರೂ ಕಡಲಿನ ವಿಷಯದಲ್ಲಿ ಅವನಿಗೆ ತಿಳಿಯದ್ದು ಏನೂ ಇರಲಿಲ್ಲ. ಮುಖ್ಯವಾಗಿ, ಮೂಲೆಯಲ್ಲಿ ಬರೀ ನೀರಿರುವ ನಕ್ಷೆಯನ್ನು ಯಾವ ಕಪ್ತಾನನೂ ಕೊಳ್ಳುವುದಿಲ್ಲ ಎಂಬುದು ಚೆನ್ನಾಗಿ ತಿಳಿದಿತ್ತು.

ಅವನ ನಕ್ಷೆಗಳಿಗೆ ಬಣ್ಣ ತುಂಬುತ್ತಿದ್ದವಳು ಮಗಳು ಬ್ರಿಯೊಲಾಂಜಾ. ಅವಳಿಗೆ ಹದಿನಾರಾದ ವರ್ಷ ಅಪ್ಪ ದಕ್ಷಿಣದ ಖಾಲಿ ಮೂಲೆಯೊಂದನ್ನು ನೋಡಿ ಮುಖ ಸಿಂಡರಿಸಿ, ಅಲ್ಲೊಂದು ದ್ವೀಪ ಎಳೆದ. ಅಂದು ಸಾಂತಾ ಕಿತೇರಿಯಾ ಎಂಬ ಸಂತ ಮಹಿಳೆಯ ಹಬ್ಬವಿದ್ದುದರಿಂದ ಹೆಸರಿಗೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಮಗಳು ಹಸಿರು ಬಳಿದಳು. ಇನ್ನೊಂದು ಕುಂಚದಲ್ಲಿ ಒಂದಿಷ್ಟು ನೀಲಿ ಉಳಿದಿತ್ತು. ಬಂಗಾರದ ಬೆಲೆಯ ಆ ನೀಲಿಯನ್ನು ತೊಳೆದು ಚೆಲ್ಲುವುದು ಆ ಮನೆಯಲ್ಲಿ ಚರ್ಚಿಗೆ ಹೋಗದಿರುವುದಕ್ಕಿಂತ ದೊಡ್ಡ ಪಾಪ. ಹಾಗಾಗಿ ದ್ವೀಪದ ನಡುವೆ ಒಂದು ನದಿ ಹರಿಯಿತು.

ಐದು ವರ್ಷದಲ್ಲಿ ಊರಿನ ಉಳಿದ ನಕ್ಷೆಗಾರರೆಲ್ಲ ಅದನ್ನು ನಕಲು ಮಾಡಿದರು. ಒಬ್ಬ ಮಹಾನುಭಾವ ಎರಡು ಉಪನದಿಗಳನ್ನೂ ಸೇರಿಸಿದ.

ಅಷ್ಟರಲ್ಲಿ ಎಸ್ತೆವಾಂವ್ ತೀರಿಕೊಂಡಿದ್ದ. ಬ್ರಿಯೊಲಾಂಜಾ ಹಡಗಿನ ಪೀಪಾಯಿ ಮಾಡುವ ಲೋಪುವನ್ನು ಮದುವೆಯಾಗಿದ್ದಳು. ಒಂದು ಮಧ್ಯಾಹ್ನ ಸಾರ್ಡೀನಿನ ಮುಳ್ಳು ಬಿಡಿಸುತ್ತಾ ಲೋಪು ಹೇಳಿದ:

"ಈ ಸಲ ನೀರಿನ ಪೀಪಾಯಿ ಅರ್ಧ ಸಾಕಂತೆ. ಉಳಿದ ಜಾಗಕ್ಕೆ ವ್ಯಾಪಾರದ ಬಟ್ಟೆ ತುಂಬ್ತಾರಂತೆ. ನಮ್ಮ ಕಪ್ತಾನ ಜಾಣ ಕಣೇ."

"ಅರ್ಧ ದಾರೀಲಿ ನೀರಿಗೇನು ಮಾಡ್ತೀರಿ?"

"ಸಾಂತಾ ಕಿತೇರಿಯಾ ಇದೆಯಲ್ಲ. ದೊಡ್ಡ ನದಿಯಂತೆ."

ಬ್ರಿಯೊಲಾಂಜಾಳ ಕೈಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. "ಆ ನದಿ ನಾನು ಬಳಿದದ್ದು ಲೋಪು. ಬಣ್ಣ ಹಾಳಾಗುತ್ತೆ ಅಂತ."

ಲೋಪು ನಕ್ಕ. "ನಿಮ್ಮಪ್ಪ ಒಬ್ಬನೇ ಬರೆದಿದ್ರೆ ನಾನೂ ನಂಬ್ತಿರಲಿಲ್ಲ. ಎಲ್ಲರ ನಕ್ಷೇಲೂ ಇದೆ. ಅಲ್ಲದೆ ಹಡಗಿಗೆ ಬರ್ತೀನಿ ಅಂತ ಹೆಸರು ಬರೆಸಿಯಾಗಿದೆ. ಈಗ ಬರಲ್ಲ ಅಂದ್ರೆ ಜೈಲಿಗೆ ಹಾಕ್ತಾರೆ."

ಮರುದಿನ ಅವಳು ಅರಸನ ಕಚೇರಿಯಲ್ಲಿ ನಕ್ಷೆಗಳ ಅಧಿಕಾರಿಯ ಮುಂದೆ ನಿಂತಳು.

"ಸ್ವಾಮಿ, ಆ ದ್ವೀಪ ಇಲ್ಲ. ಅಳಿಸಿಬಿಡಿ."

"ನೀನು ಹೋಗಿ ನೋಡಿದ್ದೀಯೇನಮ್ಮ?"

"ಇಲ್ಲ."

"ಮತ್ತೆ ಇಲ್ಲ ಅಂತ ಹೇಗೆ ಹೇಳ್ತೀ?"

ಇದೆ ಎಂದವರೂ ಹೋಗಿ ನೋಡಿರಲಿಲ್ಲ. ಆದರೆ ಅವರಿಗೆ ಗಡ್ಡವಿತ್ತು, ಲ್ಯಾಟಿನ್ ಬರುತ್ತಿತ್ತು. ಉತ್ತರದಲ್ಲಿ ಇಷ್ಟು ನೆಲವಿರುವಾಗ ದಕ್ಷಿಣದಲ್ಲೂ ಇರದಿದ್ದರೆ ಭೂಮಿ ಒಂದು ಕಡೆಗೆ ವಾಲಿಬಿಡುತ್ತದೆ ಎಂದು ಅಧಿಕಾರಿ ತಕ್ಕಡಿ ಹಿಡಿದವನಂತೆ ಕೈಯಾಡಿಸಿ ತಿಳಿಹೇಳಿದ. ಭೂಮಿಯ ತೂಕ ಅವರ ಜವಾಬ್ದಾರಿ, ಪಾಪ.

ಹೆಂಡತಿಯ ಕಾಟ ತಾಳಲಾರದೆ ಲೋಪು ಒಂದು ಪೀಪಾಯಿ ಹೆಚ್ಚಿಗೆ ಮಾಡಿ ಹಡಗಿಗೆ ಏರಿಸಿದ. ಕಪ್ತಾನ ಅದನ್ನು ಇಳಿಸಿ ಇನ್ನೊಂದು ಮೂಟೆ ಬಟ್ಟೆ ಏರಿಸಿದ.

ಹದಿನಾಲ್ಕು ತಿಂಗಳ ಮೇಲೆ ಹಡಗು ಮರಳಿತು. ಬಟ್ಟೆ ಕ್ಷೇಮವಾಗಿತ್ತು. ಇಪ್ಪತ್ತೊಂದು ಮಂದಿ ಬಾಯಾರಿ ಸತ್ತಿದ್ದರು. ಮೊದಲು ಸತ್ತವನು ಲೋಪು. ದ್ವೀಪ ಸಿಗಲಿಲ್ಲ ಎಂದು ಒಪ್ಪಿಕೊಳ್ಳುವಷ್ಟು ದಡ್ಡನೇ ಕಪ್ತಾನ? ಮಂಜಿನಲ್ಲಿ ಬಹು ದೂರದಿಂದ ಕಂಡಿತು, ನದಿ ಬತ್ತಿತ್ತು ಎಂದು ವರದಿ ಬರೆದ. ಅಷ್ಟು ದೂರದಿಂದ ಬತ್ತಿದ ನದಿ ಹೇಗೆ ಕಂಡಿತೆಂದು ಯಾರೂ ಕೇಳಲಿಲ್ಲ. ದಯಾಳುವೂ ಆಗಿದ್ದರಿಂದ ದ್ವೀಪದ ಒಂದು ಭೂಶಿರಕ್ಕೆ ಲೋಪುವಿನ ಹೆಸರಿಡಿಸಿದ.

ನಕ್ಷೆ ತಿದ್ದುವ ಕೆಲಸ ಬ್ರಿಯೊಲಾಂಜಾಳಿಗೇ ಬಂತು. ನದಿಯನ್ನು ಕೆರೆದು ತೆಗೆದಳು. ಭೂಶಿರದ ಪಕ್ಕದಲ್ಲಿ ಗಂಡನ ಹೆಸರು ಬರೆದಳು. ಬರೆಯುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಸತ್ತವರ ಹಬ್ಬದ ದಿನ ನೆರೆಹೊರೆಯವರು ಸಮಾಧಿಗಳ ಬಳಿ ಹೋದಾಗ ಅವಳು ಆ ನಕ್ಷೆಯ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದಳು. ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಇಪ್ಪತ್ತು ವರ್ಷದ ನಂತರ ಹೊಸ ಅಧಿಕಾರಿಯೊಬ್ಬ ನಕ್ಷೆ ಹಿಡಿದು ಅವಳ ಮನೆಗೇ ಬಂದ. ಮೂರು ಹಡಗುಗಳು ದ್ವೀಪವಿರಬೇಕಾದ ಜಾಗದ ಮೇಲೆಯೇ ಹಾದುಹೋಗಿದ್ದವು.

"ಅಮ್ಮಾ, ಈ ದ್ವೀಪ ಇಲ್ಲ ಅಂತ ನೀವು ಅವತ್ತೇ ಹೇಳಿದ್ರಂತೆ. ಇನ್ನೊಂದ್ಸಲ ಹೇಳಿಬಿಡಿ, ಇವತ್ತೇ ಅಳಿಸ್ತೀನಿ."

ಜೀವಮಾನದಲ್ಲಿ ಮೊದಲ ಸಲ ಅರಸನ ಕಚೇರಿ ಅವಳ ಮಾತಿಗೆ ಬೆಲೆ ಕೊಟ್ಟಿತ್ತು. ಬ್ರಿಯೊಲಾಂಜಾ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು ಗಂಡನ ಹೆಸರಿನ ಮೇಲೆ ಅಂಗೈ ಇಟ್ಟಳು.

"ದ್ವೀಪ ಇದೆ ಸ್ವಾಮಿ," ಅಂದಳು. "ನೀರಿಲ್ಲ, ಅಷ್ಟೇ."