ಹೆಣ್ಣು ನೋಡಲು ಹೋಗಿ ಸಾಗರ ಅಳೆದದ್ದು

ಮೊನ್ನೆ ಎದ್ದು ಬಂದು ನೋಡುತ್ತೇನೆ, ಮೊಮ್ಮಗಳು ಜಗಲಿಯ ಈ ತುದಿಯಲ್ಲಿ ಸೀಮೆಸುಣ್ಣದಿಂದ ಒಂದು ಎಂದು ಬರೆದು, ಆ ತುದಿಯವರೆಗೂ ಸೊನ್ನೆ ಸುತ್ತುತ್ತಾ ಹೋಗಿದ್ದಾಳೆ. "ಅಜ್ಜಾ, ಇದಕ್ಕೆ ಹೆಸರೆಂತ?"

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಲ್ಲಿ ಕೇಳುವ ಮಾತೇ ಇದು, ನೀವೇ ಹೇಳಿ? ನಮ್ಮ ಮಾಸ್ತರರು ಲಕ್ಷಕ್ಕೆ ನಿಂತಿದ್ದರು, ನಾನು ಅದಕ್ಕೂ ಮೊದಲೇ. ಆದರೂ ಹಿಗ್ಗಿ ಹೇಳಿದೆ: "ಸಾಗರ!" ಆ ಒಂದು ಸಂಖ್ಯೆಯಿಂದ ನನಗೆ ಹೆಂಡತಿಯೇ ತಪ್ಪಿಹೋಗುವುದರಲ್ಲಿದ್ದಳು.

ಐವತ್ತರ ದಶಕದ ಕೊನೆಯ ಮಾತು. ಮೂಡುಬಿದಿರೆಯಿಂದ ಸೋದರಮಾವನ ಜೊತೆ ಬೆಳ್ತಂಗಡಿ ಕಡೆ ಹೆಣ್ಣು ನೋಡಲು ಹೊರಟಿದ್ದೆ. ಹುಡುಗನಿಗೆ ವಿದ್ಯೆ ಸಾಲದೆಂದು ಅದಾಗಲೇ ಕೆಲವರು ಕೈಬಿಟ್ಟಿದ್ದರು. "ಇದೂ ತಪ್ಪಿದ್ರೆ ನಾನಿನ್ನು ಬರುವುದಿಲ್ಲ ಮಾರಾಯ" ಎಂದು ಮಾವ ಬಸ್ಸಿನಲ್ಲೇ ಹೇಳಿಬಿಟ್ಟರು. ಬಸ್ಸು ದಾರಿಯಲ್ಲಿ ಕೆಟ್ಟಿತು. ತಲುಪುವಾಗ ಹೊತ್ತು ಇಳಿಯುತ್ತಿತ್ತು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ. ಅಲ್ಲಿ ಎಲೆ ಹಾಕಿಯಾಗಿತ್ತು, ಹೋಳಿಗೆಯ ಪರಿಮಳ ಜಗಲಿಗೇ ಬರುತ್ತಿತ್ತು.

ಹುಡುಗಿಯ ಅಜ್ಜ ಸುಮ್ಮನೆ ಮಾತಿಗೆಂದು ಕೇಳಿದರು: "ದೇವತೆಗಳಿಗೆ ಇಷ್ಟು ಸಾಗರ ಆಯುಸ್ಸು ಅಂತ ಪುರಾಣದಲ್ಲಿ ಉಂಟಲ್ಲ, ಒಂದು ಸಾಗರ ಅಂದ್ರೆ ಎಷ್ಟಪ್ಪಾ?"

ಅದೊಂದು ನನಗೆ ಗೊತ್ತಿತ್ತು! ನನ್ನ ಅಜ್ಜಿ ಅಕ್ಕಿ ಆರಿಸುತ್ತಾ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಒಂದು ಯೋಜನ ಅಗಲ, ಅಷ್ಟೇ ಆಳದ ಹೊಂಡ. ಅದರ ತುಂಬ ಆಗಷ್ಟೇ ಹುಟ್ಟಿದ ಕುರಿಮರಿಯ ಕೂದಲು, ನೀರೂ ಇಳಿಯದಂತೆ ಒತ್ತಿ ತುಂಬಿದ್ದು. ನೂರು ವರ್ಷಕ್ಕೊಮ್ಮೆ ಒಂದೇ ಒಂದು ಕೂದಲು ತೆಗೆಯಬೇಕು. ಅಂಥ ಹೊಂಡ ಹತ್ತು ಕೋಟಿ ಕೋಟಿ ಸಲ ಬರಿದಾದರೆ ಒಂದು ಸಾಗರ.

ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಹೊಂಡ ತೋಡಲು ಎಷ್ಟು ಆಳು ಬೇಕು, ಮಣ್ಣು ಎಲ್ಲಿ ಹಾಕುವುದು, ಬಂಟ್ವಾಳದ ಹೊಳೆಗೆ ಹಾಕಿದರೆ ಹೊಳೆ ಎತ್ತ ತಿರುಗೀತು... ಬಾಯಿಗೆ ತಡೆಯೇ ಇಲ್ಲ. ಮಾವ ಮೊಣಕೈಯಿಂದ ತಿವಿದರು. ಅಜ್ಜ ಏಳದೆ ಉಳಿದವರು ಎಲೆಗೆ ಕೂರುವಂತಿಲ್ಲ. ಕೇಳಿದ ಮೇಲೆ ಉತ್ತರ ಮುಗಿಯದೆ ಅಜ್ಜ ಏಳುವಂತಿಲ್ಲ.

ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ: "ಅಜ್ಜಾ, ಒಂದು ಸಲಕ್ಕೆ ಎರಡೆರಡು ಕೂದಲು ತೆಗೀಲಿಕ್ಕೆ ಹೇಳಿ ಅವರಿಗೆ. ಸೂರ್ಯ ಗುಡ್ಡದ ಹಿಂದೆ ಹೋಗ್ತಾ ಉಂಟು!"

ಹೋಗಿಯೇ ಬಿಟ್ಟ. ಎರಡೂ ಕಡೆಯವರು ಹೋಳಿಗೆಯ ಮುಂದೆ ಉಪವಾಸ. ಮಾವ ನನ್ನ ಮುಖ ನೋಡಲಿಲ್ಲ.

ಅಜ್ಜ ಬಾಗಿಲ ಕಡೆ ತಿರುಗಿದರು. "ಊಟ ಅಂತೂ ಹೋಯ್ತು. ಹುಡುಗನನ್ನು ಎಂತ ಮಾಡುವ?"

 ಮಾವ ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

"ಬೆಳಿಗ್ಗೆ ಉಂಡು ಹೋಗ್ಲಿ" ಎಂದಳು. "ಆ ಮಣ್ಣು ಕಡೆಗೆ ಎಲ್ಲಿ ಹಾಕಿದ್ದು ಅಂತ ನನಗೂ ಕೇಳ್ಬೇಕು."

ಇಷ್ಟನ್ನೂ ಕೇಳಿದ ಮೊಮ್ಮಗಳು ಕಣ್ಣರಳಿಸಿದಳು. "ನಿಮಗೆ ಮದುವೆ ಆದಲ್ಲಿಂದ ಎಷ್ಟು ಕೂದಲು ತೆಗೆದಾಯ್ತು ಅಜ್ಜಾ?"

ವಯಸ್ಸಾಯಿತು, ಎಲ್ಲ ಮುಗಿಯುತ್ತಾ ಬಂತು ಎಂದು ಊರವರು ಹೇಳುತ್ತಾರೆ. ನಾನೂ ನಂಬಿದ್ದೆ ನೋಡಿ. ಲೆಕ್ಕ ಹಾಕಿ ನೋಡಿದೆ, ನಗು ತಡೆಯಲಾಗಲಿಲ್ಲ.

"ಒಂದೂ ಇಲ್ಲ ಮಗಾ! ಹೊಂಡ ಇನ್ನೂ ತುಂಬಿಯೇ ಉಂಟು."