ಹೇಳದೆ ಕಿತ್ತ ಗಿಡ

ನಾವು ಚಿಕ್ಕವರಿದ್ದಾಗ ನಮ್ಮೂರಿನಲ್ಲಿ ಪರಿಸರ ಇರಲಿಲ್ಲ, ಕಾಡಿತ್ತು. ಹೊಸನಗರದ ಬಸ್ಸಿಳಿದು ಅರ್ಧ ಗಂಟೆ ನಡೆದರೆ ಶಾಲೆ, ಶಾಲೆಯ ಬೇಲಿ ದಾಟಿದರೆ ಕಾಡು. ಪರಿಸರ ಅನ್ನುವುದು ಬಂದಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಇಕೋ ಕ್ಲಬ್ಬಿನ ಹಸಿರು ಟೋಪಿಯ ಜೊತೆಗೆ. ಟೋಪಿ ಹಾಕಿಕೊಂಡವರೆಲ್ಲ ಪರಿಸರಪ್ರೇಮಿಗಳು. ನನಗೂ ಒಂದು ಸಿಕ್ಕಿತ್ತು. ಅದರ ಬಣ್ಣ ಮೊದಲನೇ ಮಳೆಗೇ ಕರಗಿ ಹಣೆ ಮೇಲೆ ಇಳಿಯಿತು.

ನನ್ನಮ್ಮ ಅಂಗನವಾಡಿ ಟೀಚರ್. ಅವಳ ಕೆಲಸ ಮುಗಿಯುವವರೆಗೆ ನಾನಿರುತ್ತಿದ್ದದ್ದು ಗಿರಿಜೆಯ ಮನೆಯಲ್ಲಿ. ಗಿರಿಜೆ ನನ್ನದೇ ಕ್ಲಾಸು, ನನ್ನದೇ ಬೆಂಚು, ಕುಂಟೆಬಿಲ್ಲೆಯಲ್ಲಿ ನನ್ನದೇ ಜೋಡಿ. ಹಸಲರ ಹುಡುಗಿ. ಅವಳ ಹಿರಿಯರು ಆ ಕಾಡಿನಲ್ಲಿ ಬದುಕು ಮಾಡಿಕೊಂಡಿದ್ದ ಕಾಲಕ್ಕೆ ನಮ್ಮೂರಿಗೆ ಹೆಸರೂ ಇದ್ದಿರಲಿಕ್ಕಿಲ್ಲ. ಆದರೂ ಊರಿನ ದೊಡ್ಡ ಮನುಷ್ಯರು ಅವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅದೇ ದೊಡ್ಡ ಮನುಷ್ಯರು ಮನೆಯಲ್ಲಿ ಬಾಣಂತಿ ಇದ್ದಾಗ ಮಾತ್ರ ಗಿರಿಜೆಯ ಅಜ್ಜಿ ದ್ಯಾವಮ್ಮನನ್ನು ಹುಡುಕಿಕೊಂಡು ಓಡುತ್ತಿದ್ದರು.

ಮಳೆ ಬಿಟ್ಟು ಬಿಸಿಲು ಕಾಣುತ್ತಿದ್ದ ಹಾಗೆ ಅಜ್ಜಿ ನಮ್ಮಿಬ್ಬರನ್ನೂ ಕಾಡುಗೆಣಸು ಅಗೆಯಲು ಕರಕೊಂಡು ಹೋಗುತ್ತಿದ್ದಳು. ಒದ್ದೆ ಮಣ್ಣು, ಕೊಳೆತ ಎಲೆ, ಅಜ್ಜಿಯ ಬಾಯಿಯ ಹೊಗೆಸೊಪ್ಪು, ಎಲ್ಲ ಸೇರಿದ ವಾಸನೆ ಈಗಲೂ ಮೂಗಿನಲ್ಲಿದೆ. ಗೆಣಸು ಕಿತ್ತ ಮೇಲೆ ಅದರ ತಲೆಯನ್ನು ಬಳ್ಳಿ ಸಮೇತ ಮುರಿದು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಒಂದು ದಿನ ನಾನು ಮರೆತು ಎದ್ದುಬಿಟ್ಟೆ.

"ಏ ಮಗ, ಬಾಗಿಲು ಹಾಕ್ಕೊಂಡ್ ಬಾ. ಮುಂದಿನ ವರ್ಷ ಎಂತ ತಿಂತೀಯ, ಕಲ್ಲಾ?" ಅಂದಳು ಅಜ್ಜಿ.

ಕೆಂಡದಲ್ಲಿ ಸುಟ್ಟ ಆ ಗೆಣಸು, ಅದರ ಮೇಲಿಷ್ಟು ಉಪ್ಪು. ಅಷ್ಟೇ ನಮ್ಮ ಪಾಠ. ಪರೀಕ್ಷೆ ಇರಲಿಲ್ಲ, ಟೋಪಿ ಇರಲಿಲ್ಲ.

ಟೋಪಿ ಬಂದ ವರ್ಷವೇ ಅಜ್ಜಿ ಒಂದು ಗಿಡ ತೋರಿಸಿದಳು. ಹಳ್ಳದ ಮಗ್ಗುಲಲ್ಲಿ, ಬಂಡೆ ನೆರಳಿಗೆ, ಗೇಣುದ್ದದ ಆರು ಗಿಡ. ಅದರ ಬೇರನ್ನು ಅವಳು ಬಾಣಂತಿಯರಿಗೆ ಕೊಡುತ್ತಿದ್ದಳು. ಗಿರಿಜೆಯ ಚಿಕ್ಕಮ್ಮ ಸೀತೆಗೆ ಆಗ ತಿಂಗಳು ತುಂಬುತ್ತಾ ಬಂದಿತ್ತು.

"ಒಂದೇ ಕೀಳಾದು, ಐದು ಬಿಡಾದು. ಹಿಂದಿನ ದಿನ ಸಂಜೆ ಬಂದು ನಾಕು ಅಕ್ಕಿಕಾಳು ಹಾಕಿ ಹೇಳಿ ಹೋಗಬೇಕು. ನಾಳೆ ಬತ್ತೀನಿ ತಾಯಿ, ಇಂಥವರಿಗೆ ಬೇಕಾಗಿದೆ ಅಂತ," ಅಂದಳು ಅಜ್ಜಿ.

"ಹೆಸರೆಂತ ಅಜ್ಜಿ ಇದರದ್ದು?"

"ಹೆಸರು ಕರೀಬಾರ್ದು. ಯಾರಿಗೂ ಹೇಳ್ಬೇಡ."

ನಾನು ಗಿರಿಜೆಯ ತಲೆ ಮುಟ್ಟಿ ಆಣೆ ಮಾಡಿದೆ.

ಹದಿನೈದು ದಿನಕ್ಕೆ ಶಾಲೆಯಲ್ಲಿ ಸಸ್ಯಸಂಗ್ರಹ ಸ್ಪರ್ಧೆ ಅಂತ ಘೋಷಣೆಯಾಯಿತು. ಬೇರು, ಕಾಂಡ, ಎಲೆ ಸಮೇತ ಇಡೀ ಗಿಡ ತರಬೇಕು, ಅಪರೂಪದ ಗಿಡಕ್ಕೆ ಹೆಚ್ಚು ಅಂಕ. ಅಪರೂಪದ್ದನ್ನು ಬೇರು ಸಮೇತ ಕಿತ್ತು ತಂದವರಿಗೆ ಪರಿಸರಪ್ರೇಮಿ ಪ್ರಶಸ್ತಿ! ಈ ಬುದ್ಧಿ ಯಾವ ಮಹಾನುಭಾವನ ತಲೆಯಲ್ಲಿ ಹುಟ್ಟಿತ್ತೋ, ಅವನಿಗೂ ಯಾರಾದರೂ ಒಂದು ಟೋಪಿ ಹಾಕಿರಬೇಕು.

ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬಳೇ ಹೋದೆ. ಮೊದಲನೇ ಗಿಡ ಎಳೆದೆ, ಬೇರು ಅರ್ಧಕ್ಕೆ ತುಂಡಾಯಿತು. ಎರಡನೆಯದೂ ತುಂಡಾಯಿತು. ಕಡ್ಡಿಯಲ್ಲಿ ಕೆದಕಿದೆ, ನೀರು ಹೊಯ್ದೆ, ಮತ್ತೆ ತುಂಡಾಯಿತು. ಇಡಿಯಾಗಿ ಬಂದಿದ್ದು ಆರನೆಯದು. ಉಳಿದ ಐದನ್ನು ಹಳ್ಳಕ್ಕೆ ಎಸೆದು, ಕೈ ತೊಳಕೊಂಡು ಮನೆಗೆ ಬಂದೆ. ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದೆ. ಎಂಥಾ ಕತ್ತೆ ನಾನು!

ಗಿಡವನ್ನು ಥರ್ಮಾಕೋಲಿಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಕೆಳಗೆ ವೈಜ್ಞಾನಿಕ ಹೆಸರು ಬರೆಯಬೇಕಿತ್ತು. ನನಗೇನು ಗೊತ್ತು? ಪಾಠದಲ್ಲಿ ಸಾಸಿವೆಗೆ ಕೊಟ್ಟಿದ್ದ ಉದ್ದನೆ ಹೆಸರನ್ನೇ ಚಂದದ ಅಕ್ಷರದಲ್ಲಿ ಬರೆದೆ.

ತೀರ್ಪು ಕೊಡಲು ಪಟ್ಟಣದಿಂದ ಸಂಪನ್ಮೂಲ ವ್ಯಕ್ತಿಯೊಬ್ಬರು ಬಂದರು. ಇಂಬಳ ಕಾಲಿಗೆ ಹತ್ತಿ ರಕ್ತ ಹೀರುವ ಮಳೆಗಾಲವೆಲ್ಲ ಮುಗಿದ ಮೇಲೆಯೇ ಮಲೆನಾಡಿಗೆ ಬರುವ ಜಾತಿ ಅದು. ಮೈಮೇಲೆ ಹತ್ತು ಜೇಬಿನ ಅಂಗಿ. ನನ್ನ ಥರ್ಮಾಕೋಲಿನ ಮುಂದೆ ನಿಂತು ಹೆಸರು ಓದಿದರು, ಗಡ್ಡ ಸವರಿದರು.

"ವೆರಿ ಗುಡ್! ಪಶ್ಚಿಮ ಘಟ್ಟದ ಅಪರೂಪದ ಸಸ್ಯ," ಅಂದರು. ಸಾಸಿವೆ ಕಣ್ರೀ ಅದು, ನೀವು ಓದಿದ್ದು ಸಾಸಿವೆ! ಆದರೆ ಆಗ ನಾನು ಹಲ್ಲು ಕಿರಿದು ನಿಂತಿದ್ದೆ.

ಗಿರಿಜೆ ಏನನ್ನೂ ತಂದಿರಲಿಲ್ಲ. ಇಕೋ ಕ್ಲಬ್ಬಿನ ಮೇಷ್ಟ್ರು ಅವಳನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು.

"ಕಾಡಲ್ಲೇ ಹುಟ್ಟಿದೋಳಿಗೆ ಒಂದು ಗಿಡ ತರೋಕಾಗಲ್ವ? ಪರಿಸರದ ಮೇಲೆ ಪ್ರೀತೀನೇ ಇಲ್ಲ ನಿಮಗೆಲ್ಲ."

"ಸುಮ್ ಸುಮ್ನೆ ಕೀಳ್ಬಾರ್ದು ಸಾರ್," ಅಂದಳು ಗಿರಿಜೆ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಆ ಕೋಣೆಯಲ್ಲಿ ಶಾಸ್ತ್ರ ಪಾಲಿಸಿದವಳು ಅವಳೊಬ್ಬಳೇ, ಸೊನ್ನೆ ಸಿಕ್ಕಿದ್ದೂ ಅವಳೊಬ್ಬಳಿಗೇ.

ಬಹುಮಾನ ಕೊಟ್ಟಾದ ಮೇಲೆ ಅವಳು ನನ್ನ ಥರ್ಮಾಕೋಲಿನ ಹತ್ತಿರ ಬಂದಳು. ಗಿಡದ ಗುರುತು ಹತ್ತಲು ಅವಳಿಗೆಷ್ಟು ಹೊತ್ತು ಬೇಕು?

"ಎಷ್ಟು ಕಿತ್ತೆ?"

"ಒಂದೇ."

"ಸುಳ್ಳು ಹೇಳ್ಬೇಡ."

"ಆರು."

"ಹೇಳಿ ಬಂದಿದ್ಯಾ?"

"ಗಿಡಕ್ಕೆ ಹೇಳ್ಬೇಕಂತೆ! ಮೇಷ್ಟ್ರು ಕೇಳಿದ್ರೆ ನಗ್ತಾರೆ ಕಣೇ," ಅಂದೆ ನಾನು. ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅಜ್ಜಿ ಆ ಬೇರಿಗಾಗಿ ಮೂರು ದಿನ ಗುಡ್ಡ ಹತ್ತಿ ಇಳಿದಳಂತೆ, ಸಿಗಲಿಲ್ಲ. ಸೀತೆಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಮಾತ್ರೆ ಕೊಟ್ಟರು, ತಾಯಿ ಮಗು ಇಬ್ಬರೂ ಚೆನ್ನಾಗೇ ಇದ್ದರು. ಹಾಗಾಗಿ ನನ್ನ ತಪ್ಪು ದೊಡ್ಡದಲ್ಲ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಗಿರಿಜೆಯಿಂದ ವಿಷಯ ತಿಳಿದಿದ್ದರೂ ಅಜ್ಜಿ ನನಗೊಂದು ಬೈಗುಳವನ್ನೂ ಬೈಯಲಿಲ್ಲ. ಮುಂದಿನ ವಾರ ಹೋದಾಗ ಎಂದಿನಂತೆ ಬೆಲ್ಲದ ಚಾ ಕೊಟ್ಟಳು. ಆಮೇಲೆ ಬುಟ್ಟಿ ತಗೊಂಡು ಗಿರಿಜೆಯನ್ನು ಕರೆದಳು.

"ನಾನೂ ಬರ್ತೀನಜ್ಜಿ."

"ನೀ ಓದೋ ಹುಡುಗಿ. ಮನೇಲಿ ಕೂತು ಓದು ಮಗ."

ಮತ್ತೆಂದೂ ಕರೆಯಲಿಲ್ಲ. ಗಿರಿಜೆ ಬೆಂಚು ಬದಲಾಯಿಸಿದಳು.

ನಾನು ಓದಿದೆ. ಓದಿ ಏನಾದೆ ಅಂದರೆ, ಸಾಗರದ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಆದೆ, ಅಲ್ಲಿನ ಇಕೋ ಕ್ಲಬ್ಬು ನನ್ನದೇ ಕೊರಳಿಗೆ ಬಿತ್ತು. ಪ್ರತಿ ಜೂನಿನಲ್ಲೂ 'ಪ್ಲಾಸ್ಟಿಕ್ ತ್ಯಜಿಸಿ' ಅಂತ ಪ್ಲಾಸ್ಟಿಕ್ ಫ್ಲೆಕ್ಸ್ ಕಟ್ಟಿಸುತ್ತೇನೆ. ಹೋದ ವರ್ಷದ ಸಸಿ ಒಣಗಿದ ಗುಂಡಿಯಲ್ಲೇ ಈ ವರ್ಷದ ಸಸಿ ನೆಡಿಸುತ್ತೇನೆ. "ಫೋಟೋ ಹಾಕಿದ್ರಾ ಮೇಡಂ?" ಅಂತ ಹೆಡ್ ಮಾಸ್ಟರು ಕೇಳುತ್ತಾರೆ. ಸಸಿ ಬದುಕಿತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹೋದ ವರ್ಷ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಗಿರಿಜೆ ಸಿಕ್ಕಿದಳು, ಜೊತೆಗೆ ಹತ್ತು ವರ್ಷದ ಮಗಳು. ಅಜ್ಜಿ ತೀರಿಕೊಂಡು ಬಹಳ ಕಾಲವಾಗಿತ್ತು. ಅದೂ ಇದೂ ಮಾತಾಡಿದೆವು.

"ನಮ್ಮ ಶಾಲೆಗೆ ಬಾರೇ," ಅಂದೆ. "ಅಜ್ಜಿ ಕಲಿಸಿದ್ದನ್ನ ನಮ್ಮ ಮಕ್ಕಳಿಗೂ ಒಂದಿಷ್ಟು ಹೇಳಿಕೊಡು."

"ಇವಳಿಗೆ ಹೇಳ್ಕೊಡ್ತಾ ಇದೀನಲ್ಲ, ಸಾಕು," ಅಂದಳು ಮಗಳ ತಲೆ ಸವರುತ್ತಾ.

ಕೇಳಬಾರದಿತ್ತು, ಕೇಳಿದೆ. "ಆ ಗಿಡ ಮತ್ತೆ ಎಲ್ಲಾದರೂ ಹುಟ್ಟಿತೇನೇ?"

"ಹ್ಞೂಂ. ಬೇಕಾದಷ್ಟಿದೆ ಈಗ."

"ಎಲ್ಲಿ?"

"ನಿಂಗೆ ಹೇಳಲ್ಲ ಕಣೇ."

ಸಿಟ್ಟಿನಿಂದ ಅಂದಿದ್ದರೆ ನನಗೂ ಜಗಳಕ್ಕೊಂದು ದಾರಿ ಇರುತ್ತಿತ್ತು. ಅವಳು ನಗುತ್ತಲೇ ಅಂದಳು. ಬಸ್ಸು ಬಂತು, ತಾಯಿ ಮಗಳು ಹತ್ತಿ ಹೋದರು.

ಗಿಡ ಉಳಿದಿದೆ, ಅದರ ಪಾಠವೂ ಉಳಿದಿದೆ. ಎರಡೂ ಇಲ್ಲವಾಗಿದ್ದು ನನಗೆ, ನನ್ನಿಂದಾಗಿ ನನ್ನ ಕ್ಲಾಸಿನ ಮಕ್ಕಳಿಗೆ. ಅವಳು ಹೇಳದಿದ್ದದ್ದೇ ಸರಿ. ಹೇಳಿದ್ದರೆ ಮುಂದಿನ ಜೂನಿನಲ್ಲಿ ನಾನು ಮಕ್ಕಳನ್ನು ಸಾಲು ನಿಲ್ಲಿಸಿ, ಫ್ಲೆಕ್ಸ್ ಹಿಡಿಸಿಕೊಂಡು, ಫೋಟೋ ತೆಗೆಯಲು ನೇರ ಅಲ್ಲಿಗೇ ಹೋಗುತ್ತಿದ್ದೆ.