ಒಂದೇ ಮನೆ ನಡೆಯುವ ಸಿಪಾಯಿ

ಆ ವರ್ಷ ಅವರು ನಿವೃತ್ತರಾಗುವವರಿದ್ದರು. ನನ್ನ ತಕರಾರು ಅದೊಂದೇ. ಸರ್ಕಾರಿ ನೌಕರರ ಕ್ರೀಡಾಕೂಟದ ಚೆಸ್‌ನಲ್ಲಿ ವರ್ಷವರ್ಷವೂ ನನ್ನನ್ನು ಸೋಲಿಸುತ್ತಿದ್ದವರು ಟಿ. ನರಸೀಪುರದ ಈ ಸರ್ವೆಯರ್. ಮುಂದಿನ ವರ್ಷ ಅವರಿರುವುದಿಲ್ಲ, ನಾನು ಗೆಲ್ಲಬಹುದು. ಆದರೆ ಅದು ಗೆಲುವಲ್ಲ, ಖಾಲಿ ಬಿದ್ದ ಹುದ್ದೆಗೆ ಬಡ್ತಿ. ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಗುಮಾಸ್ತ. ಅಂಥ ಬಡ್ತಿಗಳನ್ನು ಬಲ್ಲೆ.

ಕಪ್ಪು ಕಾಯಿ ಹಿಡಿದರೆ ಅವರು ಆಡುವುದು ಒಂದೇ ರೀತಿ. ಯಾವ ಸಿಪಾಯಿಯೂ ಮೊದಲ ನಡೆಗೆ ಎರಡು ಮನೆ ಹೋಗದು. ಎಲ್ಲವೂ ಒಂದೊಂದು ಮನೆ ಸರಿದು ಬೇಲಿಯಂತೆ ನಿಲ್ಲುತ್ತವೆ. ಒಂಟೆ, ಕುದುರೆ ಅದರ ಹಿಂದೆ. ಬಯಲೆಲ್ಲ ನನ್ನದೆಂದು ನಾನು ನುಗ್ಗುತ್ತಿದ್ದೆ. ನುಗ್ಗಿದ ಕಾಯಿಗಳನ್ನು ಅವರು ಒಂದೊಂದಾಗಿ ಎತ್ತಿಡುತ್ತಿದ್ದರು. ಮೊಬೈಲಿನಲ್ಲಿ ಹುಡುಕಿದರೆ ಇದಕ್ಕೆ ಹಿಪ್ಪೋ ಡಿಫೆನ್ಸ್ ಎಂಬ ಹೆಸರಿತ್ತು, ತಾಸುಗಟ್ಟಲೆ ವೀಡಿಯೊಗಳಿದ್ದವು. ಅವುಗಳ ಮಾತು ಕೇಳಿ ಇನ್ನೊಮ್ಮೆ ಸೋತೆ.

ಆ ಸೋಲಿನ ನಂತರ ಟೀ ಕುಡಿಯುವಾಗ ಕೇಳಿದೆ, ಈ ಡಿಫೆನ್ಸ್ ಎಲ್ಲಿ ಕಲಿತಿರಿ ಎಂದು. ಟೀ ಎಂದು ಬರೆದಿದ್ದೇನೆ, ಮಜ್ಜಿಗೆಯೂ ಇರಬಹುದು. ಲೋಟ ನೆನಪಿದೆ, ಒಳಗಿದ್ದದ್ದು ಇಲ್ಲ.

“ಎಂಥ ಡಿಫೆನ್ಸ್ ಸಾ? ನಮ್ಮೂರು ಎಮ್ಮಿಗೇಲಿ ನಮ್ ತಾತ ಜಗಲಿ ಮ್ಯಾಲೆ ಸೀಮೆಸುಣ್ಣದಲ್ಲಿ ಗೆರೆ ಎಳ್ದು ಏಳ್ಕೊಟ್ಟಿದ್ದು. ಸಿಪಾಯಿ ಒಂದೇ ಮನೆ ಓಗೋದು. ಎಲ್ಡು ಮನೆ ನೆಗೆಯೋದು ಈಚೆಗೆ ಬಂದಿದ್ದು. ರೂಲು ಗೊತ್ತು, ಕೈ ಓಗಲ್ಲ.”

ಅಂದರೆ ಅವರು ಆಡುತ್ತಿದ್ದದ್ದು ಬೇರೆಯೇ ಆಟ. ಮನೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಆ ಹಳೆಯ ನಿಯಮದಲ್ಲೇ ಆಡತೊಡಗಿದೆ. ಇಬ್ಬರ ಸಿಪಾಯಿಗಳಿಗೂ ಒಂದೇ ಮನೆ. ಎರಡು ಬೇಲಿಗಳು ಎದುರುಬದುರು ನಿಂತು, ಯಾರೂ ಯಾರನ್ನೂ ಮುಟ್ಟದೆ ಹೊತ್ತು ಹೋಗುತ್ತಿತ್ತು.

“ಇದೇನ್ರೀ, ಆಟವೋ ಕೋರ್ಟು ಕೇಸೋ? ಒಲೆ ಮೇಲೆ ಅನ್ನ ಇಟ್ಟಿದ್ದೀನಿ,” ಎಂದು ಅವಳು ಒಂದು ಸಿಪಾಯಿಯನ್ನು ಮುಂದಕ್ಕೆ ನೂಕಿದಳು, ಸೋತಳು. ಮುಂದಿನ ಆಟದಲ್ಲಿ ತಾಳ್ಮೆ ಕೆಟ್ಟು ನಾನು ನೂಕಿದೆ, ನಾನು ಸೋತೆ. ಮೊದಲು ಕೈಮಾಡಿದವರ ಬೇಲಿಯಲ್ಲೇ ಕಂಡಿ ಬೀಳುತ್ತಿತ್ತು.

ಅವರ ಕೊನೆಯ ವರ್ಷದ ಪಂದ್ಯ ನರಸೀಪುರದ ಶಾಲೆಯೊಂದರ ಕೊಠಡಿಯಲ್ಲಿ ನಡೆಯಿತು. ಅವರ ಬೇಲಿ ಎದ್ದಿತು. ನಾನು ನಡುಬಯಲು ಹಿಡಿದು ಅಲ್ಲಿಗೇ ನಿಂತೆ. ಒಮ್ಮೆ ರಾಜನನ್ನು ಮೂಲೆಗೆ ಸರಿಸಿದೆ. ಒಮ್ಮೆ ಆನೆಯನ್ನು. ಮತ್ತೆ ರಾಜನನ್ನು ವಾಪಸು ತಂದೆ.

“ಏನ್ ಸಾ, ಫೈಲ್ ತಿರುಗ್ಸಂಗೆ ತಿರುಗುಸ್ತಾ ಇದ್ದೀರಿ?”

“ನಿಮ್ಮ ಟೇಬಲ್ಲಿಂದ ಬರಲಿ ಅಂತ ಕಾಯ್ತಿದ್ದೀನಿ ಸಾರ್.”

“ಕಲ್ತ್‌ಬುಟ್ರಿ ಕಣ್ರೀ.”

ಅವರ ಕೈ ಬಹಳ ಹೊತ್ತು ಬೋರ್ಡಿನ ಮೇಲೆ ತೂಗಾಡಿತು. ಸುಮ್ಮನೆ ಸರಿಸಲು ಅವರಲ್ಲಿ ಏನೂ ಉಳಿದಿರಲಿಲ್ಲ, ಅಥವಾ ಬೇಸರವಾಗಿತ್ತು. ಒಂದು ಸಿಪಾಯಿಯನ್ನು ಮುಂದಿಟ್ಟರು. ಆ ಕಂಡಿಯಲ್ಲಿ ನನ್ನ ಆನೆ ಒಳಗೆ ಹೋಯಿತು. ಆಟ ಮುಗಿಯಲು ಮತ್ತೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬೇಲಿ ಬಿಟ್ಟು ಬಂದದ್ದು ಒಂಟೆಯ ಮುಂದಿನ ಸಿಪಾಯಿ ಎಂದು ನನ್ನ ನೆನಪು. ಕುದುರೆಯ ಮುಂದಿನದು ಎಂದು ಅವರದು. ನಿವೃತ್ತಿಯ ನಂತರ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಇದೇ ವಾದ ನಡೆಯಿತು. ಇಬ್ಬರಲ್ಲಿ ಒಬ್ಬರು ಆ ಆಟವನ್ನು ತಮಗೆ ಬೇಕಾದಂತೆ ಕಟ್ಟಿಕೊಂಡಿದ್ದೇವೆ. ಅದು ನಾನೇ ಇರಬಹುದು.

“ಯಾವ್ದಾರ ಆಗ್ಲಿ ಬುಡಿ ಸಾ,” ಎಂದು ಅವರು ಬಸ್ ಹತ್ತಿದರು. “ಆವಾಗ್ಲೂ ಒಂದೇ ಮನೆ ತಾನೆ ಓಗಿದ್ದು.”